ಇನ್ಸುಲಿನ್ನಿಗೆ ಓಗೊಡದ ದೇಹ

1922ನೆಯ ಇಸವಿಯ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ, ಎಲುಬಿನ ಗೂಡಾಗಿ ಮಲಗಿದ್ದ 14 ವರ್ಷದ ಬಾಲಕನೊಬ್ಬನಿಗೆ ಎತ್ತಿನ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿ ಆತನನ್ನು ಬದುಕಿಸಿದ ಮೇಲೆ, ಮಧುಮೇಹವೆಂದರೆ ಇನ್ಸುಲಿನ್ನಿನ ಅಭಾವ, ಆ ಅಭಾವವನ್ನು ತುಂಬಿಕೊಟ್ಟರೆ ರೋಗವನ್ನು ಗೆದ್ದಂತೆಯೇ ಎಂಬ ನಂಬಿಕೆ ವೈದ್ಯಲೋಕದಲ್ಲಿ ಬೇರೂರಿದ್ದು ಸಹಜವೇ ಆಗಿತ್ತು. ಆ ಸಾರವನ್ನು ಕಂಡುಹಿಡಿದ ತಂಡದ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ಮರುವರ್ಷವೇ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಔಷಧವು ಬಳಕೆಗೆ ಬಂದು ಹೆಚ್ಚು ಕಾಲ ಕಳೆಯುವುದಕ್ಕೆ ಮುಂಚೆಯೇ ಚಿಕಿತ್ಸಕರು ಒಂದು ತೊಡಕನ್ನು ಕಾಣತೊಡಗಿದರು: ಕೆಲವು ರೋಗಿಗಳಲ್ಲಿ ಅಲ್ಪಪ್ರಮಾಣದ ಇನ್ಸುಲಿನ್ನಿನಿಂದಲೇ ರಕ್ತದ ಸಕ್ಕರೆ ಸರ್ರನೆ ಇಳಿದುಹೋಗುತ್ತಿದ್ದರೆ, ಮತ್ತೆ ಕೆಲವರಲ್ಲಿ ಅದರ ಎರಡರಷ್ಟನ್ನು ಕೊಟ್ಟರೂ ಅದು ಕದಲುತ್ತಲೇ ಇರಲಿಲ್ಲ.

ಈ ತೊಡಕನ್ನು ಪ್ರಯೋಗಕ್ಕೆ ಒಡ್ಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಹೆರಾಲ್ಡ್ ಹಿಮ್ಸ್‌ವರ್ತ್. ಅವರು ಅನುಸರಿಸಿದ ಕ್ರಮ ಸರಳವಾದದ್ದು. ರೋಗಿಗೆ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಯಲು ಕೊಟ್ಟು, ಅದೇ ವೇಳೆಗೆ ರಕ್ತನಾಳಕ್ಕೆ ಇನ್ಸುಲಿನ್ ಚುಚ್ಚಿ, ಆ ಬಳಿಕ ಮತ್ತೆ ಮತ್ತೆ ರಕ್ತವನ್ನು ತೆಗೆದು, ಹೊಟ್ಟೆಯಿಂದ ಏರಿಬರುತ್ತಿರುವ ಸಕ್ಕರೆಯನ್ನು ಚುಚ್ಚಿದ ಇನ್ಸುಲಿನ್ ಎಷ್ಟರಮಟ್ಟಿಗೆ ತಡೆಯಬಲ್ಲದೆಂಬುದನ್ನು ಅಳೆಯುವುದು. ಎಳೆಯರೂ ಕೃಶಶರೀರಿಗಳೂ ಆದ ರೋಗಿಗಳಲ್ಲಿ ಸಕ್ಕರೆ ಏರಲೇ ಇಲ್ಲ. ನಡುವಯಸ್ಸು ದಾಟಿದ, ಬಹುಮಟ್ಟಿಗೆ ಸ್ಥೂಲಕಾಯರಾದ ರೋಗಿಗಳಲ್ಲಿ, ಇನ್ಸುಲಿನ್ನನ್ನು ಕೊಟ್ಟೇ ಇಲ್ಲವೇನೋ ಎಂಬಂತೆ, ಅದು ಏರಿತು. 1936ರಲ್ಲಿ ಹಿಮ್ಸ್‌ವರ್ತ್ ಈ ಫಲವನ್ನು ಪ್ರಕಟಿಸಿ, ಮಧುಮೇಹವು ಒಂದಲ್ಲ, ಎರಡು ರೋಗಗಳು; ಒಂದರಲ್ಲಿ ಇನ್ಸುಲಿನ್ ಇಲ್ಲ, ಇನ್ನೊಂದರಲ್ಲಿ ದೇಹವು ಇನ್ಸುಲಿನ್ನಿಗೆ ಸ್ಪಂದಿಸುತ್ತಿಲ್ಲ ಎಂದು ಸಾರಿದರು. ಆ ಕಾಲಕ್ಕೆ ಇದನ್ನು ಕಿವಿಗೊಟ್ಟು ಕೇಳಿದವರು ವಿರಳ. ರಕ್ತದಲ್ಲಿರುವ ಇನ್ಸುಲಿನ್ನನ್ನು ನೇರವಾಗಿ ಅಳೆಯುವ ಉಪಾಯವೇ ಇರಲಿಲ್ಲವಾದ್ದರಿಂದ, ಹಿಮ್ಸ್‌ವರ್ತರ ಮಾತು ಅನುಮಾನವಾಗಿ ಉಳಿಯಿತೇ ಹೊರತು ಪ್ರಮಾಣವಾಗಲಿಲ್ಲ.

ಆ ಉಪಾಯವು ಒದಗಿದ್ದು ಸುಮಾರು ಕಾಲು ಶತಮಾನದ ಅನಂತರ. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಮಾಜಿ ಯೋಧರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ರೊಸಲಿನ್ ಯಾಲೊ ಎಂಬ ಭೌತವಿಜ್ಞಾನಿಯೂ ಸಾಲಮನ್ ಬರ್ಸನ್ ಎಂಬ ವೈದ್ಯರೂ ವಿಕಿರಣಶೀಲ ಅಯೋಡಿನ್ನನ್ನು ಇನ್ಸುಲಿನ್ನಿಗೆ ಅಂಟಿಸಿ, ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಆ ಹಾರ್ಮೋನನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿ, 1960ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ವಯಸ್ಕ ಮಧುಮೇಹಿಗಳ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರುವುದಿರಲಿ, ಅನೇಕರಲ್ಲಿ ಆರೋಗ್ಯವಂತರಿಗಿಂತಲೂ ಅಧಿಕವಾಗಿತ್ತು! ಹಿಮ್ಸ್‌ವರ್ತರ ಊಹೆ ಸ್ಥಿರಪಟ್ಟಿತು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂದಾಗ ಬರ್ಸನ್ ತೀರಿಕೊಂಡು ಐದು ವರ್ಷವಾಗಿತ್ತು; ಪಾರಿತೋಷಕದ ನಿಯಮವು ಗತಿಸಿದವರನ್ನು ಗಣಿಸುವುದಿಲ್ಲ.

ಹಾಗಾದರೆ ಇನ್ಸುಲಿನ್ ಯಥೇಷ್ಟವಾಗಿದ್ದರೂ ದೇಹವು ಅದಕ್ಕೆ ಓಗೊಡದಿರಲು, ಅಂದರೆ ಇನ್ಸುಲಿನ್ ಪ್ರತಿರೋಧಕ್ಕೆ, ಕಾರಣವೇನು? ಮೊದಲು ಸ್ವಸ್ಥಸ್ಥಿತಿಯಲ್ಲಿ ನಡೆಯುವುದೇನೆಂಬುದನ್ನು ನೋಡೋಣ. ಊಟವಾದ ಬಳಿಕ ರಕ್ತದಲ್ಲಿ ಗ್ಲೂಕೋಸ್ ಏರುತ್ತಲೇ ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ಇನ್ಸುಲಿನ್ನನ್ನು ಸ್ರವಿಸುತ್ತವೆ. ಸ್ನಾಯುವಿನ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅದು ಬಂದು ಕೂಡಿದೊಡನೆ, ಒಳಗಡೆ ಒಂದು ಪ್ರೋಟೀನು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ರಂಜಕಾಮ್ಲದ ತುಣುಕನ್ನು ಸೇರಿಸುತ್ತಾ ಸಂದೇಶವನ್ನು ಸಾಗಿಸುತ್ತವೆ. ಈ ಪರಂಪರೆಯ ಕೊನೆಯಲ್ಲಿ, ಜೀವಕೋಶದ ಒಳಗೆ ಸಣ್ಣ ಕೋಶಿಕೆಗಳಲ್ಲಿ ಅಡಗಿದ್ದ ಗ್ಲುಟ್-4 ಎಂಬ ವಾಹಕ ಪ್ರೋಟೀನುಗಳು ಹೊರಪೊರೆಗೆ ಸರಿದುಬಂದು ಗ್ಲೂಕೋಸನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಅತ್ತ ಯಕೃತ್ತು, ಉಪವಾಸಕಾಲದಲ್ಲಿ ತಾನೇ ತಯಾರಿಸಿ ರಕ್ತಕ್ಕೆ ಬಿಡುತ್ತಿದ್ದ ಗ್ಲೂಕೋಸನ್ನು ಇನ್ಸುಲಿನ್ನಿನ ಆಜ್ಞೆಯಂತೆ ನಿಲ್ಲಿಸುತ್ತದೆ. ಇತ್ತ ಕೊಬ್ಬಿನ ಅಂಗಾಂಶವು ತನ್ನಲ್ಲಿರುವ ಮೇದಸ್ಸನ್ನು ಕರಗಿಸುವ ಕೆಲಸಕ್ಕೆ ವಿರಾಮ ಕೊಡುತ್ತದೆ. ಈ ಮೂರೂ ಕಡೆ ಆಜ್ಞೆ ನಡೆಯದೆ ಹೋದಾಗ, ಬೀಟಾ ಕೋಶಗಳು ಮತ್ತಷ್ಟು ಇನ್ಸುಲಿನ್ ಸುರಿಸಿ ಕೆಲಕಾಲ, ಒಮ್ಮೊಮ್ಮೆ ಹತ್ತಾರು ವರ್ಷ, ರಕ್ತಶರ್ಕರವನ್ನು ಹದ್ದಿನಲ್ಲಿಡುತ್ತವೆ. ಅವು ದಣಿದ ದಿನ ಮಧುಮೇಹವು ವ್ಯಕ್ತವಾಗುತ್ತದೆ. ಪ್ರಯೋಗಶಾಲೆಯ ಚೀಟಿಯಲ್ಲಿ ಸಕ್ಕರೆಯ ಅಂಕಿ ಸರಿಯಾಗಿದೆಯೆಂದು ನೆಮ್ಮದಿಯಿಂದ ಮನೆಗೆ ಮರಳುವ ಎಷ್ಟೋ ಮಂದಿಯ ದೇಹದಲ್ಲಿ ಈ ಮೌನವಾದ ಹೆಣಗಾಟ ನಡೆಯುತ್ತಲಿರುತ್ತದೆ.

ಈ ಪ್ರತಿರೋಧದ ಕಾರಣವನ್ನು ಕೇಳಿದರೆ ಜನ ಕೊಡುವ ಉತ್ತರ ಬೊಜ್ಜು. ಉತ್ತರ ತಪ್ಪಲ್ಲ, ಆದರೆ ಅರ್ಧವಷ್ಟೇ. ಏಕೆಂದರೆ ದೇಹದಲ್ಲಿ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ನೆಲೆಸಿದೆ ಎಂಬುದು ಹೆಚ್ಚು ಮುಖ್ಯವೆಂದು ಕಳೆದ ಕೆಲವು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಚರ್ಮದ ಕೆಳಗಿನ ಕೊಬ್ಬು, ಅದರಲ್ಲಿಯೂ ತೊಡೆ ನಿತಂಬಗಳದ್ದು, ಪ್ರಕೃತಿಯು ಕಟ್ಟಿಕೊಟ್ಟ ಕಣಜ. ಸುಗ್ಗಿಯಲ್ಲಿ ಕಣಜ ತುಂಬಿದ ಮೇಲೆಯೂ ಭತ್ತ ಬರುತ್ತಲೇ ಇದ್ದರೆ ಒಕ್ಕಲಿಗನು ಅದನ್ನು ನಡುಮನೆಯಲ್ಲಿಯೂ ಅಡುಗೆಯ ಮನೆಯಲ್ಲಿಯೂ ಸುರಿದುಕೊಳ್ಳಬೇಕಾಗುವಂತೆ, ಈ ಕಣಜದ ಹಿಡಿತವನ್ನು ಮೀರಿದ ಮೇದಸ್ಸು ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ, ಕರುಳುಗಳ ಸುತ್ತ, ಕಡೆಗೆ ಮೇದೋಜೀರಕ ಗ್ರಂಥಿಯಲ್ಲಿಯೂ ಸೇರಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ಎಡೆಯಿಲ್ಲ. ಎಡೆಯಿಲ್ಲದ ಕಡೆ ಸೇರಿದ್ದರಿಂದಲೇ ಕೇಡು.

ಈ ಮಾತಿಗೆ ಅತ್ಯಂತ ವಿಸ್ಮಯಕರವಾದ ಸಾಕ್ಷ್ಯವನ್ನು ಒದಗಿಸಿದವರು ಸ್ಥೂಲಕಾಯರಲ್ಲ, ಕೊಬ್ಬೇ ಇಲ್ಲದವರು. ಲಿಪೊಡಿಸ್ಟ್ರೊಫಿ ಎಂಬ ಅಪೂರ್ವವಾದ ಕಾಯಿಲೆಯಲ್ಲಿ ಕೆಲವರು ಕೊಬ್ಬಿನ ಅಂಗಾಂಶವಿಲ್ಲದೆಯೇ ಜನಿಸುತ್ತಾರೆ. ಕೈಕಾಲುಗಳಲ್ಲಿ ಸ್ನಾಯುವೂ ನರವೂ ಎದ್ದು ಕಾಣುವ, ನೋಡಿದವರು ಗರಡಿಯಾಳೆಂದು ಭ್ರಮಿಸುವ ಈ ಜನರಲ್ಲಿ ಇನ್ಸುಲಿನ್ ಪ್ರತಿರೋಧವು ಅತಿ ತೀವ್ರ. ಯಕೃತ್ತು ಮೇದಸ್ಸಿನಿಂದ ಉಬ್ಬಿಹೋಗಿರುತ್ತದೆ. ಇದೇ ಬಗೆಯ ಕೊಬ್ಬಿಲ್ಲದ ಇಲಿಗಳನ್ನು ಸೃಷ್ಟಿಸಿ, ಅವುಗಳ ಚರ್ಮದಡಿಗೆ ಆರೋಗ್ಯವಂತ ಇಲಿಗಳ ಕೊಬ್ಬನ್ನು ನೆಟ್ಟಾಗ ಅವುಗಳ ಮಧುಮೇಹ ಹಿಮ್ಮೆಟ್ಟಿತೆಂಬುದನ್ನು ಅಮೆರಿಕದ ಸಂಶೋಧಕರು 2000ದಲ್ಲಿ ತೋರಿಸಿದರು. ಕೊಬ್ಬನ್ನು ಸೇರಿಸಿ ಮಧುಮೇಹವನ್ನು ಗುಣಪಡಿಸುವುದೆಂದರೆ ಸಾಮಾನ್ಯ ತಿಳಿವಳಿಕೆ ತಲೆಕೆಳಗಾದಂತೆಯೇ ಸರಿ.

ಎಡೆದಪ್ಪಿದ ಮೇದಸ್ಸು ಜೀವಕೋಶದಲ್ಲಿ ಮಾಡುವುದೇನೆಂಬುದನ್ನು ಯೇಲ್ ವಿಶ್ವವಿದ್ಯಾನಿಲಯದ ಜೆರಾಲ್ಡ್ ಶುಲ್ಮನ್ ಮತ್ತು ಸಂಗಡಿಗರು ಚುಂಬಕೀಯ ಅನುರಣನದ ನೆರವಿನಿಂದ ಜೀವಂತ ಮನುಷ್ಯರ ಸ್ನಾಯುವಿನೊಳಕ್ಕೇ ಇಣುಕಿ ಪರಿಶೀಲಿಸಿದ್ದಾರೆ. ಮೇದಸ್ಸು ಪೂರ್ತಿ ಉರಿದುಹೋಗದೆಯೂ ಪೂರ್ತಿ ಶೇಖರವಾಗದೆಯೂ ನಡುವಣ ಸ್ಥಿತಿಯಲ್ಲಿ ನಿಂತಾಗ ಡೈಅಸೈಲ್‌ಗ್ಲಿಸರಾಲ್ ಎಂಬ ಪದಾರ್ಥವು ಸಂಗ್ರಹವಾಗಿ, ಅದು ಪ್ರೋಟೀನ್ ಕೈನೇಸ್-ಸಿ ವರ್ಗದ ಕಿಣ್ವಗಳನ್ನು ಕೆರಳಿಸಿ, ಗ್ರಾಹಕದಿಂದ ಹೊರಟ ಸಂದೇಶವನ್ನು ಅರ್ಧದಾರಿಯಲ್ಲೇ ಕತ್ತರಿಸುತ್ತದೆಂಬುದು ಅವರ ಪ್ರತಿಪಾದನೆ. ಉಬ್ಬಿದ ಕೊಬ್ಬಿನ ಅಂಗಾಂಶವು ಸುರಿಸುವ ಉರಿಯೂತಕಾರಕ ವಸ್ತುಗಳೇ ಮೂಲವೆಂಬುದು ಇನ್ನೊಂದು ವಾದ. 1993ರಲ್ಲಿ ಹೊತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ಅಂಥ ವಸ್ತುವೊಂದನ್ನು ಇಲಿಗಳಲ್ಲಿ ತಡೆದಾಗ ಇನ್ಸುಲಿನ್ನಿನ ಪ್ರಭಾವ ಮರಳಿತಾದರೂ, ಮನುಷ್ಯರಲ್ಲಿ ಅದೇ ಉಪಾಯ ಅಷ್ಟು ಸುಲಭವಾಗಿ ಫಲಿಸಲಿಲ್ಲ. ಎರಡೂ ವಾದಗಳಲ್ಲಿ ನಿಜಾಂಶವಿದೆ. ಆದರೆ ಸ್ನಾಯುವಿನಲ್ಲಿ ಮೇದಸ್ಸು ಇದ್ದಮಾತ್ರಕ್ಕೆ ಕೇಡಾಗಬೇಕೆಂದಿಲ್ಲ: ದೂರದ ಓಟದಲ್ಲಿ ಪಳಗಿದವರ ಸ್ನಾಯುಗಳಲ್ಲಿಯೂ ಹೇರಳವಾಗಿ ಮೇದಸ್ಸು ಕಂಡುಬಂದಿದೆ, ಆದರೂ ಅವರ ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಅವರಲ್ಲಿ ಅದು ಬಂದಹಾಗೆ ಖರ್ಚಾಗುತ್ತದೆ, ಕೊಳೆಯುತ್ತಾ ಕೂರುವುದಿಲ್ಲ.

ಯಕೃತ್ತಿನ ನಡವಳಿಕೆ ಮಾತ್ರ ಎಲ್ಲಕ್ಕಿಂತ ಕುಟಿಲವಾದದ್ದು. ಗ್ಲೂಕೋಸ್ ತಯಾರಿಕೆಯನ್ನು ನಿಲ್ಲಿಸೆಂಬ ಇನ್ಸುಲಿನ್ನಿನ ಒಂದು ಆಜ್ಞೆಯನ್ನು ತಿರಸ್ಕರಿಸುವ ಅದೇ ಯಕೃತ್ತು, ಮೇದಸ್ಸನ್ನು ತಯಾರಿಸೆಂಬ ಇನ್ನೊಂದು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಸಕ್ಕರೆ ಹೆಚ್ಚಿತೆಂದು ಇನ್ಸುಲಿನ್ ಹೆಚ್ಚುವುದು, ಇನ್ಸುಲಿನ್ ಹೆಚ್ಚಿತೆಂದು ಯಕೃತ್ತಿನ ಮೇದಸ್ಸು ಬೆಳೆಯುವುದು, ಮೇದಸ್ಸು ಬೆಳೆಯಿತೆಂದು ಪ್ರತಿರೋಧ ಬಲಿಯುವುದು: ಈ ಚಕ್ರ ಒಮ್ಮೆ ತಿರುಗತೊಡಗಿದರೆ ತಾನಾಗಿ ನಿಲ್ಲುವುದಿಲ್ಲ.

ಇನ್ನು ನಮ್ಮವರ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ, 2023ರಲ್ಲಿ ಪ್ರಕಟವಾದ ಅಂದಾಜಿನಲ್ಲಿ, ಈ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಿನಲ್ಲಿರುವವರು 13.6 ಕೋಟಿ. ಇಷ್ಟು ಮಂದಿಯೂ ದಡೂತಿ ದೇಹದವರೇ? ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸುತ್ತ ನೋಡಿದವರಿಗೆ ಅಲ್ಲವೆಂಬುದು ತಾನೇ ಗೊತ್ತಾಗುತ್ತದೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕರು 2004ರಲ್ಲಿ ಲಂಡನ್ನಿನ ಜಾನ್ ಯುಡ್ಕಿನ್ನರೊಂದಿಗೆ ಸೇರಿ ತಮ್ಮಿಬ್ಬರದೇ ಭಾವಚಿತ್ರವನ್ನು ವೈದ್ಯಪತ್ರಿಕೆಯೊಂದರಲ್ಲಿ ಅಚ್ಚುಹಾಕಿಸಿದರು. ಎತ್ತರ ತೂಕಗಳನ್ನು ಲೆಕ್ಕಹಾಕಿದರೆ ಇಬ್ಬರದೂ ಒಂದೇ ಸೂಚ್ಯಂಕ, 22.3, ಆದರೆ ಆಂಗ್ಲೇಯರ ದೇಹದಲ್ಲಿ ಕೊಬ್ಬು ಶೇಕಡಾ 9.1, ನಮ್ಮವರಲ್ಲಿ ಶೇಕಡಾ 21.2. ಶಾಸ್ತ್ರವನ್ನು ಹೀಗೆ ತಮ್ಮ ಸ್ವಂತ ಹೊಟ್ಟೆಯ ಮೇಲೆಯೇ ನಿರೂಪಿಸಿದ ಈ ವಿನೋದಕ್ಕೆ ನಾನಂತೂ ಮಾರುಹೋಗಿದ್ದೇನೆ. ಯಾಜ್ಞಿಕರು ಪುಣೆಯ ಸುತ್ತಣ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗ, 3.5 ಕಿಲೋಗ್ರಾಂ ತೂಗುವ ಆ ಕೂಸುಗಳೆದುರು 2.7 ಕಿಲೋಗ್ರಾಂ ಮಾತ್ರ ತೂಗುವ ನಮ್ಮ ಕೂಸುಗಳಲ್ಲಿ ಸ್ನಾಯು ಸೊರಗಿದ್ದರೂ ಬೆನ್ನಿನ ಮೇಲಣ ಚರ್ಮದಡಿಯ ಕೊಬ್ಬು ಮಾತ್ರ ಬಹುಪಾಲು ಉಳಿದುಕೊಂಡಿತ್ತು. ಸಕ್ಕರೆಯನ್ನು ಹೀರಬೇಕಾದ ಸ್ನಾಯುವಿಗೆ ಹುಟ್ಟಿನಲ್ಲೇ ಕೊರತೆ. ಅದೂ ತೊಟ್ಟಿಲಲ್ಲಿ ಮಲಗಿದ, ನೋಡಿದವರೆಲ್ಲ ಬಡಕಲೆನ್ನುವ ಕೂಸಿಗೆ.

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಕಡತಗಳು ಈ ಕಥೆಗೆ ಇನ್ನೊಂದು ತಿರುವನ್ನು ಕೊಟ್ಟವು. ಅಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದರಿಂದ ಯಾವ ಶಾಸ್ತ್ರ ಹುಟ್ಟೀತೆಂಬ ಕಲ್ಪನೆಯೂ ಇದ್ದಿರಲಾರದು. ಅರ್ಧ ಶತಮಾನದ ಮೇಲೆ ಕ್ಯಾರೊಲಿನ್ ಫಾಲ್ ಮತ್ತು ಅವರ ಸಹೋದ್ಯೋಗಿಗಳು ಆ ಮಕ್ಕಳನ್ನು, ಅಷ್ಟರಲ್ಲಿ ನಡುವಯಸ್ಸಿನವರಾಗಿದ್ದವರನ್ನು, ಊರಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮಧುಮೇಹ ಹೆಚ್ಚೆಂಬುದು ಯೂರೋಪಿನ ಅನುಭವ. ಮೈಸೂರಿನಲ್ಲಿಯಾದರೋ, ಉದ್ದ ಕಡಿಮೆಯಿದ್ದು ಮೈದುಂಬಿ ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರಿಗೆ ಹುಟ್ಟಿದವರಿಗೆ, ಅದು ಹೆಚ್ಚಾಗಿ ಕಾಣಿಸಿಕೊಂಡಿತ್ತು. ತಾಯಿಯ ರಕ್ತದಲ್ಲಿ ಗರ್ಭಕಾಲದಲ್ಲಿಯೇ ಸಕ್ಕರೆ ಏರಿದ್ದಿರಬೇಕು ಎಂಬ ಗುಮಾನಿ ಹುಟ್ಟಿದ್ದು ಇಲ್ಲಿ. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಗರ್ಭಿಣಿಯರನ್ನೇ ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನವು ಆ ಗುಮಾನಿಯನ್ನು ಬಲಪಡಿಸಿತು: ಗರ್ಭಕಾಲದ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷ ತುಂಬುವುದರೊಳಗೆ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಉಳಿದ ಮಕ್ಕಳಿಗಿಂತ ಹೆಚ್ಚಾಗಿದ್ದುವು. ಎಂದ ಮೇಲೆ ರೋಗಿಯ ತಿಂಡಿಪೋತತನವನ್ನೊಂದನ್ನೇ ಹಳಿಯುವ ವೈದ್ಯರು ಸ್ವಲ್ಪ ನಾಲಗೆ ಬಿಗಿಹಿಡಿಯುವುದು ಲೇಸು.

ಇತರ ಕಾರಣಗಳೂ ಉಂಟು. ಸ್ಟೆರಾಯ್ಡ್ ಔಷಧಗಳು, ಸೋಂಕುಗಳು, ಹರೆಯ, ಗರ್ಭಾವಸ್ಥೆ ಇವೆಲ್ಲ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತವೆ. ಕೆಲವು ದಿನ ಹಾಸಿಗೆ ಹಿಡಿದು ಮಲಗಿದರೂ ಸಾಕು. ನಿದ್ದೆಗೆಟ್ಟರೂ ಅಷ್ಟೇ: ಷಿಕಾಗೋದಲ್ಲಿ ಆರೋಗ್ಯವಂತರಾದ 11 ಮಂದಿ ತರುಣರನ್ನು ಸತತವಾಗಿ ಆರು ರಾತ್ರಿ ನಾಲ್ಕೇ ಗಂಟೆ ಮಲಗಗೊಟ್ಟು ಪರೀಕ್ಷಿಸಿದಾಗ ಸಕ್ಕರೆಯನ್ನು ಅರಗಿಸುವ ಅವರ ಶಕ್ತಿ ಸ್ಪಷ್ಟವಾಗಿ ಕುಂದಿತ್ತು; ಇದು 1999ರ ವರದಿ.

ಪ್ರತಿರೋಧವು ತನ್ನ ಗುರುತನ್ನು ಕೆಲವೊಮ್ಮೆ ಮೈಮೇಲೆಯೇ ಬರೆದಿಡುತ್ತದೆ. ಹರೆಯದ ಹುಡುಗಿಯ ಕತ್ತಿನ ಹಿಂಬದಿಯಲ್ಲಿ, ಕಂಕುಳಿನ ಮಡಿಕೆಯಲ್ಲಿ, ಮುಟ್ಟಿದರೆ ಮಖಮಲ್ಲಿನಂತೆ ತೋರುವ ಕಪ್ಪು ದಪ್ಪ ಪಟ್ಟಿ ಮೂಡುತ್ತದೆ. ಸರಿಯಾಗಿ ಸ್ನಾನ ಮಾಡುವುದಿಲ್ಲವೆಂದು ಗದರಿ, ಕಡಲೆಹಿಟ್ಟು ಹಚ್ಚಿ, ಚರ್ಮ ಕೆಂಪಾಗುವವರೆಗೆ ತಿಕ್ಕುವ ತಾಯಂದಿರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಅದು ಕೊಳೆಯಲ್ಲ. ರಕ್ತದಲ್ಲಿ ಉಕ್ಕಿದ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸಿದುದರ ಫಲ. ಋತುಚಕ್ರ ಏರುಪೇರಾಗುವ ಪಿಸಿಓಎಸ್ ತೊಂದರೆಯೂ ಆಕೆಗಿರುವುದು ಅಪರೂಪವಲ್ಲ. ಹಿರಿಯರಿಗೆ ದರ್ಜಿಯ ಅಳತೆಪಟ್ಟಿಯೇ ಸಾಕಾದ ಉಪಕರಣ: ಹೊಕ್ಕುಳಿನ ಮಟ್ಟದಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ದಾಟಿದ ಸುತ್ತಳತೆಯನ್ನು ನಮ್ಮ ದೇಶದವರಲ್ಲಿ ಎಚ್ಚರಿಕೆಯೆಂದೇ ಗಣಿಸತಕ್ಕದ್ದು.

ಚಿಕಿತ್ಸೆಯ ಮಾತಿಗೆ ಬಂದರೆ, ಎಡೆದಪ್ಪಿದ ಮೇದಸ್ಸೇ ಮೂಲವೆಂದಾದಲ್ಲಿ ಅದನ್ನು ತೆರವು ಮಾಡಿದರೆ ಪ್ರತಿರೋಧವೂ ತೊಲಗಬೇಕು. ಇಂಗ್ಲೆಂಡಿನ ನ್ಯೂಕಾಸಲ್ಲಿನ ರಾಯ್ ಟೇಲರ್ ಈ ತರ್ಕವನ್ನು ಕೊನೆಯವರೆಗೆ ಕೊಂಡೊಯ್ದರು. ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಂಡ ಮಧುಮೇಹಿಗಳಲ್ಲಿ, ತೂಕ ಇನ್ನೂ ಅಷ್ಟೇನೂ ಇಳಿಯದಿರುವಾಗಲೇ, ಕೆಲವೇ ದಿನಗಳಲ್ಲಿ ರಕ್ತಶರ್ಕರ ಸರಿಹೋಗುತ್ತಿದ್ದುದನ್ನು ಗಮನಿಸಿದ ಅವರು, ಇದು ಕತ್ತರಿಯ ಮಹಿಮೆಯಲ್ಲ, ಏಕಾಏಕಿ ಆಹಾರ ನಿಂತುದರ ಮಹಿಮೆಯೆಂದು ಶಂಕಿಸಿದರು. 11 ಮಂದಿ ಮಧುಮೇಹಿಗಳು ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರದಲ್ಲಿ ಕಳೆದರು. 2011ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ಮೊದಲ ವಾರ ಮುಗಿಯುವಷ್ಟರಲ್ಲಿ ಯಕೃತ್ತಿನ ಮೇದಸ್ಸು ಶೇಕಡಾ 30ರಷ್ಟು ಇಳಿದು, ಮುಂಜಾನೆಯ ಸಕ್ಕರೆ ಸ್ವಸ್ಥರ ಮಟ್ಟಕ್ಕೆ ಬಂದಿತು. ತರುವಾಯ 306 ಮಂದಿಯನ್ನು ಸೇರಿಸಿ ಸ್ಕಾಟ್ಲೆಂಡಿನಲ್ಲಿಯೂ ಟೈನ್‌ಸೈಡಿನಲ್ಲಿಯೂ ನಡೆಸಿದ ಡೈರೆಕ್ಟ್ ಎಂಬ ಪರೀಕ್ಷೆಯಲ್ಲಿ, ಮಿತಾಹಾರದ ಗುಂಪಿನ ಶೇಕಡಾ 46ರಷ್ಟು ಜನ ವರ್ಷದ ಕೊನೆಗೆ ಔಷಧವಿಲ್ಲದೆಯೇ ಮಧುಮೇಹದ ಮಿತಿಯಿಂದ ಹೊರಗಿದ್ದರು. 15 ಕಿಲೋಗ್ರಾಂ ಇಳಿಸಿದವರಲ್ಲಂತೂ ಶೇಕಡಾ 86. ಎರಡನೆಯ ವರ್ಷ ಆ 46 ಎಂಬುದು 36ಕ್ಕೆ ಇಳಿಯಿತು. ತೂಕ ಮರಳಿದವರಿಗೆ ರೋಗವೂ ಮರಳಿತು. ಇನ್ಸುಲಿನ್ನನ್ನೋ ಗ್ರಂಥಿಯನ್ನು ಪ್ರಚೋದಿಸುವ ಮಾತ್ರೆಗಳನ್ನೋ ತೆಗೆದುಕೊಳ್ಳುತ್ತಿರುವವರು ಇಂಥ ಉಪವಾಸವನ್ನು ವೈದ್ಯರಿಗೆ ತಿಳಿಸದೆ ಕೈಗೊಂಡರೆ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರವಾದೀತು.

ಎರಡನೆಯ ದಾರಿ ಸ್ನಾಯುವಿನದು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ, ಬೇರೊಂದು ಮಾರ್ಗದಿಂದ ಗ್ಲುಟ್-4 ವಾಹಕಗಳನ್ನು ತಾನೇ ಹೊರಪೊರೆಗೆ ಕರೆದುಕೊಳ್ಳುತ್ತದೆ. ವ್ಯಾಯಾಮದ ಈ ಪುಣ್ಯ ಒಂದೆರಡು ದಿನ ಉಳಿದು ಆಮೇಲೆ ಕರಗುವುದರಿಂದ, ಭಾನುವಾರ ಒಂದು ದಿನದ ಬೆಟ್ಟದ ಚಾರಣ ವಾರಕ್ಕೆಲ್ಲ ಸಾಲದು. ಸುಶ್ರುತ ಸಂಹಿತೆಯು ಬಡ ಪ್ರಮೇಹಿಗೆ ಪಾದರಕ್ಷೆಯೂ ಕೊಡೆಯೂ ಇಲ್ಲದೆ, ಭಿಕ್ಷೆ ಬೇಡುತ್ತಾ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕೆಂದೂ, ಬಾವಿ ತೋಡಬೇಕೆಂದೂ ವಿಧಿಸುತ್ತದೆ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಎದೆಯುಬ್ಬಿಸುವವರ ಪಂಕ್ತಿಯಲ್ಲಿ ಕೂರಲು ನನಗೆ ಮನಸ್ಸಿಲ್ಲ. ಆದರೆ ಭಿಕ್ಷಾನ್ನದ ಮಿತಾಹಾರವನ್ನೂ ಅವಿರತ ನಡಿಗೆಯನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟ ಆ ವೈದ್ಯನ ಅನುಭವಕ್ಕೆ ತಲೆದೂಗದಿರುವುದೂ ಸಾಧ್ಯವಿಲ್ಲ. ನಮ್ಮ ಅಜ್ಜಂದಿರನ್ನು ಸಕ್ಕರೆ ಕಾಯಿಲೆಯಿಂದ ಕಾಪಾಡಿದ್ದು ರಾಗಿಮುದ್ದೆ ಎನ್ನುವಾಗಲೂ, ನೇಗಿಲಿಗೂ ಗುದ್ದಲಿಗೂ ಸಲ್ಲಬೇಕಾದ ಪಾಲನ್ನು ನಾವು ಮುದ್ದೆಗೇ ಒಪ್ಪಿಸಿಬಿಡುತ್ತೇವೆ. ಚೆನ್ನೈಯಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರು ಮಧುಮೇಹದ ಹೊಸ್ತಿಲಿನಲ್ಲಿದ್ದ 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪಥ್ಯ ಮತ್ತು ನಡಿಗೆಯನ್ನು ಅನುಸರಿಸಿದವರಿಗೆ ರೋಗಕ್ಕೆ ಬೀಳುವ ಸಂಭವ ಶೇಕಡಾ 28.5ರಷ್ಟು ಕುಗ್ಗಿತು, ಅದೂ ದೇಹದ ತೂಕ ಗಣನೀಯವಾಗಿ ಇಳಿಯದೆ. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಿಗೆ ಶೇಕಡಾ 26.4.

ಆ ಮೆಟ್‌ಫಾರ್ಮಿನ್ ಯೂರೋಪಿನ ಗಲೇಗಾ ಎಂಬ ಗಿಡದ ಸತ್ತ್ವದ ಸುಳಿವು ಹಿಡಿದು ಹುಟ್ಟಿದ್ದು. 1957ರಲ್ಲಿ ಪ್ಯಾರಿಸ್ಸಿನ ಜ್ಯಾಂ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿ ವರದಿ ಮಾಡಿದರು. ಯಕೃತ್ತಿನ ಗ್ಲೂಕೋಸ್ ಉತ್ಪಾದನೆಯನ್ನು ತಗ್ಗಿಸುವುದು ಅದರ ಮುಖ್ಯ ಗುಣ. ಬಹುಕಾಲ ಸೇವಿಸಿದರೆ ಬಿ-12 ಜೀವಸತ್ತ್ವ ಕುಗ್ಗುವ ಸಂಭವವಿರುವುದರಿಂದ ಸಸ್ಯಾಹಾರಿಗಳು ಆಗಾಗ್ಗೆ ಅದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಗ್ಲಿಟಜೋನ್ ವರ್ಗದ ಔಷಧಗಳ ವರ್ತನೆ ಇನ್ನೂ ಕುತೂಹಲಕರ: ಅವು ಚರ್ಮದಡಿಯ ಕೊಬ್ಬಿನ ಜೀವಕೋಶಗಳನ್ನು ಹೆಚ್ಚಿಸಿ ಯಕೃತ್ತಿನ ಮೇದಸ್ಸನ್ನು ಅತ್ತ ಎಳೆದುಕೊಳ್ಳುವುದರಿಂದ, ರೋಗಿಯ ತೂಕ ಏರುತ್ತಿರುವಾಗಲೇ ಆತನ ಪ್ರತಿರೋಧ ಇಳಿಯುತ್ತದೆ. ಎಲ್ಲಿ ಎಂಬ ಪ್ರಶ್ನೆಯೇ ಪ್ರಧಾನವೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಮಾತ್ರೆಗಳ ಲೋಕದಲ್ಲಿಲ್ಲ. ಆದರೆ ಮೊದಲು ಬಂದ ಟ್ರೊಗ್ಲಿಟಜೋನ್ ಯಕೃತ್ತನ್ನೇ ಕೆಡಿಸಿ 2000ದಲ್ಲಿ ಅಮೆರಿಕದ ಪೇಟೆಯಿಂದ ಮರೆಯಾಯಿತು. ಉಳಿದಿರುವ ಪಯೋಗ್ಲಿಟಜೋನ್ ಕಾಲುಗಳಲ್ಲಿ ನೀರು ತುಂಬಿಸುವ, ದುರ್ಬಲ ಹೃದಯವನ್ನು ಮತ್ತಷ್ಟು ದಣಿಸುವ ದೋಷಗಳಿಂದ ಮುಕ್ತವಲ್ಲ. ಈಚೆಗೆ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಹಸಿವನ್ನು ಅಡಗಿಸಿ ತೂಕವನ್ನು ಇಳಿಸುತ್ತವೆ. ಆ ಪಂಗಡದ ಮೊದಲ ಔಷಧವು ಅಮೆರಿಕದ ಮರುಭೂಮಿಯ ಗಿಲಾ ಹಲ್ಲಿಯ ವಿಷದಲ್ಲಿ ದೊರೆತ ವಸ್ತುವಿನಿಂದ ಬಂತು. ಅದನ್ನು ಕಂಡುಹಿಡಿದ ಜಾನ್ ಎಂಗ್ ಕೆಲಸ ಮಾಡುತ್ತಿದ್ದುದು ಯಾಲೊ ಅವರ ಬ್ರಾಂಕ್ಸ್ ಆಸ್ಪತ್ರೆಯಲ್ಲಿಯೇ. ಚುಚ್ಚುವುದನ್ನು ನಿಲ್ಲಿಸಿದವರಿಗೆ ಇಳಿದ ತೂಕದ ಬಹುಭಾಗ ಮರಳಿ ಬರುತ್ತದೆ, ಆದ್ದರಿಂದ ಜೀವನವಿಡೀ ಅದರ ವೆಚ್ಚವನ್ನು ಹೊರಬಲ್ಲವರು ಎಷ್ಟು ಮಂದಿ ಎಂಬ ಪ್ರಶ್ನೆ ನಮ್ಮಂಥ ದೇಶದಲ್ಲಿ ಔಷಧದ ಗುಣದಷ್ಟೇ ದೊಡ್ಡದು.

ಇವೆಲ್ಲ ರೋಗ ಹತ್ತಿರ ಸುಳಿದ ಮೇಲಿನ ಉಪಾಯಗಳು. ಪುಣೆ ಮೈಸೂರುಗಳ ಪಾಠವನ್ನು ಗಂಭೀರವಾಗಿ ತೆಗೆದುಕೊಂಡರೆ ಚಿಕಿತ್ಸೆ ಇನ್ನೂ ಮುಂಚೆ, ತಾಯಾಗಲಿರುವವಳಿಂದ, ಆರಂಭವಾಗಬೇಕು. ಮುಂಬಯಿಯ ಕೊಳೆಗೇರಿಗಳಲ್ಲಿ ಸರಸ್ ಎಂಬ ಯೋಜನೆಯವರು ಇದನ್ನು ಮಾಡಿ ನೋಡಿದರು. ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ಕುರುಕಲು ತಿಂಡಿಯನ್ನು ಮದುವೆಯಾದ ಹೆಣ್ಣುಮಕ್ಕಳಿಗೆ ಬಸುರಾಗುವುದಕ್ಕೆ ಮುಂಚಿನಿಂದ ದಿನವೂ ಕಣ್ಣೆದುರಿಗೇ ತಿನ್ನಿಸಿದರು. ಹೋಲಿಕೆಯ ಗುಂಪಿನವರಿಗೆ ಈರುಳ್ಳಿ ಆಲೂಗಡ್ಡೆಗಳಂಥ ಸಾಧಾರಣ ತರಕಾರಿಯ ತಿಂಡಿ. ಮಕ್ಕಳ ಜನನತೂಕದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗರ್ಭಕಾಲದ ಮಧುಮೇಹ ಮಾತ್ರ ಹೋಲಿಕೆಯ ಗುಂಪಿನಲ್ಲಿ ಶೇಕಡಾ 12.4 ಇದ್ದರೆ, ಸೊಪ್ಪು ಹಾಲಿನ ತಿಂಡಿ ತಿಂದವರಲ್ಲಿ ಶೇಕಡಾ 7.3ಕ್ಕೆ ಇಳಿದಿತ್ತು.